ಒಂಬತ್ತನೇ ಕಾಲಂನಾಗ ನಾ ಬರದ ಆಸಕ್ತಿ

ಕೆಲವು ಮಂದಿ ತಪ್ಪು ಒಂದ ಸಲಕ್ಕ ಮುಗಿತಾವ. ನನ್ನವು ಹಂಗಲ್ಲ. ವಾರದ ಸಂತಿ ಹೆಂಗ ತಪ್ಪದಽ ಕೂಡತೈತಿ, ಹಂಗ ವಾರಕ್ಕೊಂದು ಆಗಾವಽ. ಇವತ್ತಿಗೂ ಕುಂತಲ್ಲೇ ಒಂದೊಂದು ನೆನಪಾಗಿ ಮಾರಿ ಮ್ಯಾಲ ಟವೆಲ್ ಎಳಕೋತೇನಿ. ಪಾಪ, ಮುದುಕಗ ನಿದ್ದಿ ಹತ್ತೇತಿ ಅಂತ ಮನ್ಯಾಗಿನವರು ಟಿ.ವಿ. ಸಣ್ಣ ಮಾಡತಾರ. ನಿದ್ದಿ ಎಲ್ಲಿದು? ನಾಚಿಕಿ ಅದು.

ಎಂಬತ್ತರ ದಶಕದ ಕಡೀಕ ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ತಾಲೂಕಿಗೆ ನಾ ಒಬ್ಬನಽ ಅಂಗವಿಕಲರ ಉದ್ಯೋಗ ಮಾರ್ಗದರ್ಶಕ ಇದ್ದೆ. ಕಾಲಿಗೆ ತ್ರಾಣ ಇಲ್ಲದವರಿಗೆ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಎಂಥಾ ಉದ್ಯೋಗ ಹೊಂದತೈತಿ ಅಂತ ವಿಚಾರಿಸಿ, ಫಾರಂ ತುಂಬಿ ಬೆಳಗಾವಿಗೆ ಕಳಸೋದು ನನ್ನ ಕೆಲಸ. ನನಗ ಈ ಉದ್ಯೋಗ ಹೊಂದತೈತೋ ಇಲ್ಲೋ ಅಂತ ಮಾತ್ರ ಯಾರೂ ವಿಚಾರಿಸಿದ್ದಿಲ್ಲ. ನಮ್ಮ ಸ್ವಾದರ ಮಾವ ಯಾರಿಗೋ ಹೇಳಿ ಹಚ್ಚಿಸಿದ್ದ. ಹದಿನೈದು ದಿನ ಟ್ರೇನಿಂಗ್ ಆತು. ಅದರಾಗ ಎಂಟು ದಿನ ನನಗ ಜ್ವರ ಬಂದಿತ್ತು.

ಫಾರಂನಾಗ ಒಂಬತ್ತನೇ ಕಾಲಂ 'ಆಸಕ್ತಿ'. ಎದುರಿಗೆ ಕುಂತವರಿಗೆ ಯಾವ ಕೆಲಸ ಮಾಡಬೇಕು ಅನಸತೈತಿ ಅಂತ ಕೇಳಿ ಬರೀಬೇಕು. ನಾ ಕೇಳತಿದ್ದಿಲ್ಲ. ಬರಾವರ ಪಟ್ಟಿ ಮೊದಲಽ ಕೈಯಾಗ ಇರತಿತ್ತು, ಅದನ್ನ ನೋಡಿ ಬಸ್ಸಿನಾಗ ಕುಂತಽ ತುಂಬಿಬಿಡತಿದ್ದೆ. ಹೆಣ್ಣಮಕ್ಕಳಿಗೆ ಹೊಲಿಗಿ, ಕಣ್ಣು ಕಾಣದವರಿಗೆ ಕುರ್ಚಿ ಹೆಣಿಯೋದು, ಉಳದವರಿಗೆ ಪಾನಪಟ್ಟಿ ಅಂಗಡಿ. ಎಲ್ಲಾರ ಫಾರಂಗೂ ಒಂದಽ ವಾಕ್ಯ: 'ಸದರಿಯವರಿಗೆ ಈ ಉದ್ಯೋಗದಲ್ಲಿ ಅಪಾರ ಆಸಕ್ತಿ ಇರುತ್ತದೆ.' ಅಕ್ಷರ ಮಾತ್ರ ಮುತ್ತು ಪೋಣಿಸಿದಂಗ ಇರತಿದ್ದವು.

೧. ಮ್ಯಾಲಿನ ಕೋಣಿ

ಚಿಕ್ಕೋಡ್ಯಾಗ ಮೊದಲನೇ ಕ್ಯಾಂಪ್. ಕೆಳಗ ಸೆಕಿ ಅಂತ ಮ್ಯಾಲಿನ ಕೋಣ್ಯಾಗ ಟೇಬಲ್ ಹಾಕಿಸಿದೆ. ಚಲೋ ಗಾಳಿ ಬರತಿತ್ತು. ಹತ್ತಾತು, ಹನ್ನೊಂದಾತು, ಹನ್ನೆರಡಾತು, ಒಂದು ನರಪಿಳ್ಳಿನೂ ಬರಲಿಲ್ಲ. ಮೂರು ಸಲ ಚಾ ಕುಡದೆ. ಕಡೀಕ ಕಾಗದ ತಗೊಂಡು ವರದಿ ಬರೀಲಾಕ ಸುರು ಮಾಡಿದೆ: 'ಈ ಭಾಗದ ಅಂಗವಿಕಲರಲ್ಲಿ ಉದ್ಯೋಗದ ಬಗ್ಗೆ ಉತ್ಸಾಹ ಕಡಿಮೆ ಕಂಡುಬಂದಿರುತ್ತದೆ.'

ಊಟಕ್ಕಂತ ಕೆಳಗ ಇಳಿತೇನಿ, ಪಾವಟಿಗಿ ಬುಡಕ ಮೂವತ್ತು ಮಂದಿ ಕುಂತಾರ! ಕೋಲು, ಊರಗೋಲು, ಬುತ್ತಿ ಗಂಟು, ಎಲ್ಲಾ ಹರವಿಕೊಂಡು ಮುಂಜಾನಿ ಒಂಬತ್ತರಿಂದ ಕುಂತಾರ. ಒಬ್ಬ ಅಜ್ಜ ಮಾತ್ರ ಕುಂಡಿ ಸರಿಸಿಕೋತ ಸರಿಸಿಕೋತ ಏಳನೇ ಪಾವಟಿಗಿ ತನಕ ಬಂದು, ಅಲ್ಲೇ ದಮ್ಮು ತಗೊಳಾಕತ್ತಿದ್ದ. ನನ್ನ ನೋಡಿ ಅಲ್ಲಿಂದಽ ನಮಸ್ಕಾರ ಮಾಡಿದ.

ನನಗ ಹಸಿವಾಗಿತ್ತು, ಅದಕ್ಕ ಸಿಟ್ಟು ಬಂತು. "ಏನ್ರಿ, ನಾ ಮ್ಯಾಲ ಒಬ್ಬನಽ ಕಾಯಾಕತ್ತೇನಿ. ಮ್ಯಾಲ ಬರಾಕ ಏನಾಗೇತಿ ನಿಮಗ?" ಅಂತ ಒದರಿದೆ.

ಮುಂದಿನ ಸಾಲಿನಾಗ ಕುಂತಿದ್ದ ಒಂದು ಹುಡುಗಿ ತಲಿ ಎತ್ತಿ, ಭಾಳ ಮರ್ಯಾದಿಲೆ ಹೇಳಿತು: "ಪೋಲಿಯೋ ಆಗೇತ್ರಿ."

೨. ಆಡಿನ ಹುಡುಗಿ

ಆ ಹುಡುಗಿ ಕಬ್ಬೂರಿಂದು. ಇಪ್ಪತ್ತೆರಡು ವರ್ಷ. ಎರಡೂ ಕಾಲಿಗೆ ತ್ರಾಣ ಇದ್ದಿಲ್ಲ, ಕೈಮ್ಯಾಲ ಸರಕೊಂಡು ಹೋಗತಿದ್ಲು. ನನ್ನ ಮಾರಿ ಕೆಂಪಗಾಗಿತ್ತಲ್ಲ, ಅದನ್ನ ಮುಚ್ಚಾಕ ಅಕಿ ಫಾರಂನಽ ಮೊದಲ ತಗೊಂಡೆ.

ಅಕಿ ಕಡೆ ಹನ್ನೆರಡು ಆಡು ಇದ್ವು. ಸಣ್ಣ ಮರಿ ಇದ್ದಾಗಿಂದ ತಾನಽ ಜೋಪಾನ ಮಾಡಿದ್ದು. ಆಡಿನ ಬೆನ್ನ ಮ್ಯಾಲ ಕೈ ಆಡಿಸಿ, ಹೊಟ್ಟಿ ಹಿಚುಕಿ ನೋಡಿ, ಗಬ್ಬ ಐತೋ ಇಲ್ಲೋ, ಎಷ್ಟು ತಿಂಗಳಿಂದು, ಎಲ್ಲಾ ಹೇಳತಿದ್ಲಂತ. ಊರಾಗಿನ ಕುರುಬರು ಸಂತಿಗೆ ಹೋಗೂಕಿಂತ ಮೊದಲ ಇಕಿ ಮುಂದ ಆಡು ನಿಂದ್ರಿಸಿ ಕೇಳಿ ಹೋಗತಿದ್ರು. ಆದ್ರ ಇಕಿ ಆಡನ್ನ ಸಂತಿಗೆ ಒಯ್ಯಾಂವ ಇಕಿ ಅಣ್ಣ. ಅಂವಗ ಆಡಿಂದು ಏನೂ ತಿಳಿಯಂಗಿಲ್ಲ. ಮೊದಲ ಯಾರು ಕೇಳತಾರೋ ಅವರಿಗೆ ಕೊಟ್ಟು, ಭಜಿ ತಿಂದು ಮನಿಗೆ ಬರಾಂವ.

"ನನಗ ಸಂತ್ಯಾಗ ನಾನಽ ಕುಂಡ್ರಬೇಕ್ರಿ ಸಾಹೇಬ್ರ. ನನ್ನ ಆಡು ನಾನಽ ಮಾರಬೇಕು" ಅಂದ್ಲು.

"ಆಡಿನ ವ್ಯಾಪಾರ ನಮ್ಮ ಪಟ್ಟಿ ಒಳಗ ಇಲ್ಲವಾ ತಂಗಿ. ಅದಕ್ಕ ಕಾಲು ಬೇಕು. ಆಡಿನ ಬೆನ್ನ ಹತ್ತಬೇಕು, ಸಂತಿಗೆ ನಡೀಬೇಕು" ಅಂತ ನಾ ಬುದ್ಧಿ ಹೇಳಿದೆ.

"ಆಡಿಗೆ ನಾಕ ಕಾಲ ಅದಾವಲ್ರಿ, ಅವು ನಡಿತಾವ. ನನಗೊಂದು ಕೈಲೆ ತಿರುವೋ ಗಾಡಿ ಕೊಡಸ್ರಿ, ಸಾಕು."

ಎಷ್ಟು ಸರಳ ಇತ್ತು ನೋಡ್ರಿ. ಮೂರು ಗಾಲಿಯ ಆ ಗಾಡಿ ನಮ್ಮ ಗೋದಾಮಿನಾಗಽ ಇದ್ವು, ಧೂಳು ತಿನ್ನಾಕತ್ತಿದ್ವು. ಆದ್ರ ನಾ ಫಾರಂ ಬಸ್ಸಿನಾಗಽ ತುಂಬಿ ಆಗಿತ್ತಲ್ಲ! ಹೊಡದು ತಿದ್ದಿದ್ರ ಅಕ್ಷರದ ಅಂದ ಕೆಡತೈತಿ ಅಂತ ಹಂಗಽ ಬಿಟ್ಟೆ. ಹೊಲಿಗೆಯಲ್ಲಿ ಅಪಾರ ಆಸಕ್ತಿ.

೩. ಚಿತ್ರದ ಕಾರ್ಡು

ಬೆಂಗಳೂರಿಂದ ಒಂದು ಡಬ್ಬಿ ಚಿತ್ರದ ಕಾರ್ಡು ಬಂದಿದ್ವು. ಒಂದರ ಮ್ಯಾಲ ಕಟಿಗಿ ಕೆಲಸದ ಬಡಿಗ್ಯಾ, ಒಂದರ ಮ್ಯಾಲ ಅರಿವಿ ಹೊಲಿಯೋ ಸಿಂಪಿಗ್ಯಾ, ಒಂದರ ಮ್ಯಾಲ ಕೋಳಿ ಸಾಕೋದು. ಬಂದವರ ಮುಂದ ಎಲ್ಲಾ ಹರವಬೇಕು, ಅವರು ಯಾವುದನ್ನ ಭಾಳ ಹೊತ್ತು ನೋಡತಾರ, ಅದು ಅವರ ಆಸಕ್ತಿ ಅಂತ ತಿಳೀಬೇಕು. ನನಗ ಈ ಕಾರ್ಡು ಬಂದಿದ್ದಽ ಹೊಸಾ ಹುರುಪು. ಅಥಣಿ ಕ್ಯಾಂಪಿನಾಗ ಮೊದಲ ಬಂದವರ ಮುಂದಽ ಹನ್ನೆರಡೂ ಕಾರ್ಡು ಸಾಲಾಗಿ ಇಟ್ಟೆ.

ಬಂದವರು ಒಬ್ಬರು, ದ್ರಾಕ್ಷಿ ತ್ವಾಟದವರು. ಹುಟ್ಟಾ ಕಣ್ಣು ಕಾಣತಿದ್ದಿಲ್ಲ.

ನನಗ ಅದು ಗೊತ್ತಿತ್ತು, ಫಾರಂನಾಗ ನಾನಽ ಬರದಿದ್ದೆ. ಆದರೂ ಹುರುಪು ಅನ್ನೂದು ಹಂಗಽ. "ನೋಡ್ರಿ, ಯಾವುದು ಮನಸಿಗೆ ಹಿಡಸತೈತಿ?" ಅಂದೆ. ಪಾಪ, ಅವರು ನನಗ ಬ್ಯಾಸರ ಆಗಬಾರದು ಅಂತ ಒಂದೊಂದಽ ಕಾರ್ಡಿನ ಮ್ಯಾಲ ಕೈ ಸವರಿ, "ಎಲ್ಲಾ ಚಲೋ ನುಣ್ಣಗ ಅದಾವ್ರಿ" ಅಂದ್ರು.

"ಗಡಿಬಿಡಿ ಬ್ಯಾಡ್ರಿ, ಸಾವಕಾಶ ನೋಡ್ರಿ. ಬೇಕಾರ ಖಿಡಕಿ ಕಡೆ ಬೆಳಕಿಗೆ ಹಿಡದು ನೋಡ್ರಿ" ಅಂದೆ ನಾನು!

ಅವರು ಮೆಲ್ಲಕ ನನ್ನ ಕೈ ಹಿಡದು ಎದ್ದ್ರು. "ಸಾಹೇಬ್ರ, ನನಗ ಹಗಲ ರಾತ್ರಿ ಎರಡೂ ಒಂದಽ. ಬೆಳಕು ನಿಮಗ ಕಮ್ಮಿ ಬಿದ್ದಂಗ ಕಾಣಸತೈತಿ. ಬರ್ರಿ, ಹೊರಗ ಕರಕೊಂಡ ಹೊಕ್ಕೇನಿ."

೪. ಮೂರು ಭಾಷಾ

ಕಾಗವಾಡ ಅಂದ್ರ ಗಡಿ. ಅಲ್ಲಿ ಮಂದಿ ಅರ್ಧ ಮಾತು ಕನ್ನಡ ಆಡಿದ್ರ ಅರ್ಧ ಮರಾಠಿ. ಅಲ್ಲಿ ಒಬ್ಬ ಹುಡುಗನ್ನ ಅವನ ಅಣ್ಣ ಕರಕೊಂಡು ಬಂದಿದ್ದ. ಹುಡುಗಗ ಹುಟ್ಟಿದಾಗಿಂದ ಕಿವಿ ಕೇಳಸಂಗಿಲ್ಲ.

ನಾ ಕನ್ನಡದಾಗ ಕೇಳಿದೆ: "ನಿನಗ ಏನ್ ಕೆಲಸ ಬೇಕಪಾ?" ಹುಡುಗ ನನ್ನ ಮಾರೀನಽ ನೋಡಿದ. ಧ್ವನಿ ಸಣ್ಣ ಆತೇನೋ ಅಂತ ಜೋರಲೆ ಕೇಳಿದೆ. ಇನ್ನೂ ಜೋರಲೆ ಕೇಳಿದೆ. ಬಾಜೂ ಹೊಟೇಲಿನಾಂವ ರೇಡಿಯೋ ಬಂದ್ ಮಾಡಿ ಹೊರಗ ಬಂದು ನಿಂತ. ಆವಾಗ ನನಗ ತಟ್ಟನ ಹೊಳೀತು, ಅಯ್ಯ, ಇದು ಗಡಿ ಊರು, ಇವಗ ಕನ್ನಡ ತಿಳಿಯಂಗಿಲ್ಲಂತ. ಎದ್ದು ನಿಂತು, ಅವನ ಕಿವಿ ಹತ್ತರ ಬಾಯಿ ಒಯ್ದು, ಅದನ್ನಽ ಮರಾಠ್ಯಾಗ "ತುಲಾ ಕುಠಲಂ ಕಾಮ್ ಪಾಹಿಜೇ?" ಅಂತ ಒದರಿದೆ. "ಕ್ಯಾ ಕಾಮ್ ಹೋನಾ ರೇ?" ಅಂತ ಹಿಂದೀನೂ ಆತು. ಗಂಟಲ ಹರೀತು, ಕೆಮ್ಮು ಹತ್ತಿತು.

ಅಣ್ಣ ಹಗೂರಕ ಅಂದ: "ಸಾಹೇಬ್ರ, ಅವಂಗ ಮೂರೂ ಭಾಷಾ ಕೇಳಸಂಗಿಲ್ರಿ."

ಹುಡುಗ ಓಡಿ ಹೋಗಿ ಹೊಟೇಲಿಂದ ಒಂದು ಗ್ಲಾಸ್ ನೀರು ತಂದು ನನ್ನ ಕೈಯಾಗ ಕೊಟ್ಟ. ಕೊಟ್ಟು, ನನ್ನ ಕಡೆ ಬೆರಳ ಮಾಡಿ, ಅಣ್ಣಗ ಕೈಸನ್ನಿ ಮಾಡಿದ. "ಏನಂತಾನ? ಏನ್ ಕೆಲಸ ಬೇಕಂತ?" ಅಂತ ಕೇಳಿದೆ.

"ಕೆಲಸದ್ದಲ್ರಿ. ಪಾಪ, ಇವರಿಗೆ ಎಷ್ಟ ವರ್ಷದಿಂದ ಹಿಂಗ ಆಗೇತಿ ಅಂತ ಕೇಳಾಕತ್ತಾನ್ರಿ."

೫. ಜೋಡಿಗೆ ಬಂದಾಂವ

ಇಷ್ಟಾದ ಮ್ಯಾಲ ಒಂದು ಉಪಾಯ ಮಾಡಿದೆ. ಅಂಗವಿಕಲರನ್ನ ಕೇಳೋದಽ ಬ್ಯಾಡ, ಜೋಡಿ ಬಂದವರನ್ನ ಕೇಳೂಣು ಅಂತ. ಲಗೂ ಮುಗಿತೈತಿ.

ರಾಯಬಾಗದಾಗ ಕ್ಯಾಂಪ್ ಇತ್ತು. ಮುಗಳಖೋಡದಿಂದ ಕೋಲು ಹಿಡದು ಒಬ್ಬರು ಬಂದ್ರು. ಅವರ ಚೀಲ ಹಿಡಕೊಂಡು ಜೋಡಿ ಒಬ್ಬ ದಪ್ಪ ಮೀಸಿಯಾಂವ. ನಾ ಕೋಲಿನವರನ್ನ ಗ್ವಾಡಿ ಕಡೆ ಕುಂಡ್ರಿಸಿ ಮೀಸಿಯವನ್ನ ಕೇಳಕೋತ ಹೋದೆ. ಲಗ್ನ ಆಗೇತೇನು? ಆಗೇತ್ರಿ. ಮಕ್ಕಳು? ಮೂರು. ಹೊಲ? ಎರಡು ಎಕರೆ, ಕಬ್ಬು. ಕೆಟ್ಟ ಚಟ? ತಂಬಾಕ ತಿಂತೇನ್ರಿ. ಎಲ್ಲಾ ಪಟಪಟ ಹೇಳಿದ, ನಾ ಪಟಪಟ ಬರದೆ. ಇಷ್ಟು ಚಂದ ಯಾವ ಫಾರಂನೂ ಆಗಿದ್ದಿಲ್ಲ.

ಕಡೀಕ "ಇವರಿಗೂ ನಿಮಗೂ ಏನ್ ಸಂಬಂಧ?" ಅಂತ ಕೇಳಿದೆ.

"ಸಂಬಂಧ ಏನೂ ಇಲ್ರಿ. ಬಸ್ಸಿನಾಗ ಬಾಜೂ ಕುಂತಿದ್ರು. ಇಳಿಯೂ ಮುಂದ ಚೀಲ ಹಿಡದೆ. ನೀವು ಕುಂಡ್ರಿಸಿ ಕೇಳಿದ್ರಿ, ಹೇಳಿದೆ."

ಗ್ವಾಡಿ ಕಡೆಯಿಂದ ಕೋಲಿನವರು ಕೆಮ್ಮಿದ್ರು. "ಸಾಹೇಬ್ರ, ಇವರಿಗೆ ಉದ್ಯೋಗ ಸಿಕ್ಕ ಮ್ಯಾಲ ನಂದೂ ಒಂದು ಫಾರಂ ತುಂಬತೀರೇನ್ರಿ?"

೬. ಕೌದಿ ಕೆಳಗ

ಈಗ ಹೇಳೂದನ್ನ ನಾ ಮನ್ಯಾಗೂ ಯಾರಿಗೂ ಹೇಳಿಲ್ಲ.

ಕಬ್ಬೂರ ಹುಡುಗಿ ಫಾರಂ ಪಾಸಾಗಿ, ನಿಪ್ಪಾಣಿ ಗೋದಾಮಿಂದ ಅಕಿ ಮನಿಗೆ ಹೊಲಿಗಿ ಮಿಶನ್ ಹೋತು. ಎಂಥಾ ಮಿಶನ್? ಕಾಲಿಲೆ ತುಳಿಯೋದು! ವಾರದಾಗ ಕಬ್ಬೂರ ಬಸ್ಸಿನ ಕಂಡಕ್ಟರ್ ನನ್ನ ಹುಡಿಕ್ಕೊಂಡು ಬಂದ. "ಆ ಹುಡುಗಿ ಹೇಳಿ ಕಳಸ್ಯಾಳ್ರಿ. ಮಿಶನ್ ಬಂದ ಮುಟ್ಟೇತಿ, ಇನ್ನ ಕಾಲೂ ಕಳಸಬೇಕಂತ."

ನಾ ನಕ್ಕಬಿಟ್ಟೆ. ಆ ನಗು ನೆನಸಿಕೊಂಡ್ರ ಇವತ್ತೂ ಟವೆಲ್ ಮಾರಿ ಮ್ಯಾಲ ಬರತೈತಿ. ನಕ್ಕು, ತಿಂಗಳ ವರದಿ ಬರದೆ: 'ಸದರಿ ಫಲಾನುಭವಿಯು ದಿನಕ್ಕೆ ನಾಲ್ಕು ಜಂಪರ್ ಹೊಲಿದು ಸ್ವಾವಲಂಬಿಯಾಗಿರುತ್ತಾಳೆ.' ನನ್ನ ನೌಕರಿ ಇನ್ನೂ ಕಾಯಂ ಆಗಿದ್ದಿಲ್ಲ ನೋಡ್ರಿ.

ವರದಿ ಓದಿ ಬೆಳಗಾವಿಯ ದೊಡ್ಡ ಸಾಹೇಬ್ರಿಗೆ ಭಾಳ ಸಂತೋಷ ಆತು. "ನಾ ಬಂದು ಕಣ್ಣಾರೆ ನೋಡತೇನಿ" ಅಂತ ಕಾಗದ ಬಂತು.

ಅವರು ಬರೂ ದಿನ ಮುಂಜಾನಿ ನಾ ಕಬ್ಬೂರಿಗೆ ಓಡಿದೆ. ಮಿಶನ್ ಮೂಲ್ಯಾಗ ನಿಂತಿತ್ತು. ಅದರ ಮ್ಯಾಲ ಮೆಣಸಿನಕಾಯಿ ಒಣಗಾಕ ಹಾಕಿದ್ರು. ಗಾಲಿ ಜಂಗು ಹಿಡದು ಅಲ್ಲಾಡವಲ್ದು. ಅಂಗ್ಳದಾಗ ಹನ್ನೆರಡೂ ಆಡು ಒಂದಽ ಹಗ್ಗಕ್ಕ ಸಾಲಾಗಿ ಕಟ್ಟಿದ್ರು. ಹುಡುಗಿ ಅವುಗಳ ನಡುವ ಕುಂತಿದ್ಲು. ಕಣ್ಣು ಬಾತಿದ್ವು.

"ಏನಾತವಾ?" ಅಂದೆ.

"ನಾಳೆ ಆಡು ಹೊಕ್ಕಾವ್ರಿ. ಅಣ್ಣ ಆಡು ಕೊಯ್ಯೋ ಒಬ್ಬ ಖಟಗ್ಯಾಗ ಮಾತು ಕೊಟ್ಟಾನ. ಸರಕಾರ ನಿನಗ ಹೊಲಿಗಿ ಉದ್ಯೋಗ ಕೊಟ್ಟೈತಿ, ಇನ್ನ ಆಡು ಯಾಕ ಅಂತಾನ. ಕೇಳಿದ್ರ ಮಿಶನ್ ಜೋಡಿ ಬಂದ ನಿಮ್ಮ ಕಾಗದ ತೋರಸತಾನ್ರಿ. ನೀವು ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳತಾನ."

ನಾ ಏನಂದೆ ಗೊತ್ತೈತೇನು? "ಇವತ್ತೊಂದ ದಿನ ಸಂಭಾಳಸು ತಂಗಿ. ಸಾಹೇಬ್ರು ಬಂದು ಹೋಗಲಿ, ನಾಳೆ ನೋಡೂಣು" ಅಂದೆ.

"ನಾಳೆ ನೋಡಾಕ ಏನ್ ಉಳದಿರತೈತ್ರಿ?" ಅಂದ್ಲು. ನಾ ಮಿಶನ್ನಿಗೆ ಎಣ್ಣಿ ಬಿಡಾಕ ಕುಂತೆ.

ಅಕಿ ಅಣ್ಣನ ಕೂಡ ಒಂದು ಹಿಕಮತ್ತು ಮಾಡಿದೆ. ಮಿಶನ್ ಸುತ್ತ ದೊಡ್ಡದೊಂದು ಕೌದಿ ಇಳಿಬಿಡೋದು. ಅದರ ಒಳಗ ಅವನ ಹೆಂಡತಿ, ಅಂದ್ರ ಹುಡುಗಿ ವೈನಿ, ಅಡಗಿ ಕುಂತು ಕಾಲಿಲೆ ತುಳಿಯೋ ಪಟ್ಟಿನ ಕೈಲೆ ಒತ್ತೋದು. ಮ್ಯಾಲ ಹುಡುಗಿ ಅರಿವಿ ಸರಸೋದು. ಸಾಹೇಬ್ರು ಎರಡು ನಿಮಿಷ ನೋಡಿ ಚಾ ಕುಡದು ಹೋಗತಾರ. ವೈನಿ ಮುಂಜಾನಿಯಿಂದ ಎರಡು ಸಲ ತಾಲೀಮು ಮಾಡಿದ್ಲು, ಚಲೋ ನಡೀತು.

ಓಣ್ಯಾಗ ಜೀಪಿನ ಸಪ್ಪಳ ಕೇಳಿದ್ದಽ ತಡಾ, ವೈನಿ ಸೆರಗು ತಲಿ ಮ್ಯಾಲ ಎಳಕೊಂಡು, "ಅಯ್ಯ ಶಿವನಽ, ಪರಗಂಡಸರ ಮುಂದ ನಾ ಮಿಶನ್ ಕೆಳಗ ಕುಂಡ್ರಾಕಿ ಅಲ್ಲ" ಅಂದಾಕಿನಽ ಹಿತ್ತಲ ಬಾಗಲಲೆ ಕಬ್ಬಿನ ಹೊಲ ಸೇರಿದ್ಲು. ಅಣ್ಣ ಸಾಹೇಬ್ರಿಗೆ ಮಾಲಿ ಹಾಕಾಕ ಹೊರಗ ನಿಂತಾನ. ಮನ್ಯಾಗ ಉಳದವರು ನಾನು, ಹುಡುಗಿ, ಮಿಶನ್ನು.

ಕೌದಿ ಎತ್ತಿ ನಾನಽ ಒಳಗ ಹೊಕ್ಕೆ.

ಮೊಣಕಾಲು ಊರಿ, ಕುತಿಗಿ ಡೊಂಕ ಮಾಡಿ, ಎರಡೂ ಕೈಲೆ ಆ ಪಟ್ಟಿ ಒತ್ತಾಕತ್ತಿದೆ. ಗಡಗಡ ಗಡಗಡ ಮಿಶನ್ ಓಡಾಕತ್ತಿತು. ಎಣ್ಣಿ ಕೈಗೆಲ್ಲಾ ಹರದು ಮಸಿ ಆತು. ಮ್ಯಾಲಿಂದ ಸಾಹೇಬ್ರ ಧ್ವನಿ ಕೇಳಸತಿತ್ತು: "ಭೇಷ್! ಭೇಷ್! ಎಲ್ಲಿ ನಮ್ಮ ಮಾರ್ಗದರ್ಶಕರು?"

"ಇಲ್ಲೇ ಎಲ್ಲೋ ಅದಾರ್ರಿ" ಅಂದ ಅಣ್ಣ.

"ಸಾಕಮ್ಮ, ನಿಲ್ಲಸು" ಅಂತ ಮೆಲ್ಲಕ ಅಂದ್ರಂತ ಸಾಹೇಬ್ರು. ನನಗ ಗಡಗಡ ಸಪ್ಪಳದಾಗ ಅದು ಹೆಂಗ ಕೇಳಬೇಕು? ಹುಡುಗಿ ಎರಡೂ ಕೈ ಎತ್ತಿ ಉಡ್ಯಾಗ ಇಟ್ಟುಕೊಂಡು ಕುಂತಾಳ, ಮಿಶನ್ ತನ್ನಷ್ಟಕ್ಕ ತಾನು ಓಡಾಕತ್ತೇತಿ. ಅರಿವಿ ಹೊಲಕೋತ ಹೋಗಿ ತುದಿ ಮುಗದು ನೆಲಕ್ಕ ಬಿತ್ತು, ಆದರೂ ಓಡಾಕತ್ತೇತಿ. ಸಾಹೇಬ್ರ ಬೆನ್ನ ಹತ್ತಿ ಒಳಗ ಬಂದ ಓಣಿ ಮಂದಿ ಬಗ್ಗಿ ಬಗ್ಗಿ ನೋಡಾಕತ್ತಿದ್ರು. ಕೌದಿ ಸಂದ್ಯಾಗಿಂದ ಆ ಬಿದ್ದ ಅರಿವಿ ಕಂಡಾಗ ನಾ ನಿಲ್ಲಿಸಿದೆ.

ಸಾಹೇಬ್ರು ಏನೂ ಆಗಿಲ್ಲ ಅನ್ನೂ ಹಂಗ ಫಾರಂ ತಗದು ಓದಿದ್ರು. "ಹೊಲಿಗೆಯಲ್ಲಿ ಅಪಾರ ಆಸಕ್ತಿ ಇರುತ್ತದೆ ಅಂತ ಬರದೈತಿ. ಖರೇ ಏನಮ್ಮ? ನಿನಗ ಈ ಕೆಲಸದಾಗ ಆಸಕ್ತಿ ಐತೇನು?"

ಕೌದಿ ಒಳಗ ನಾ ಕಿವಿ ಕೊಟ್ಟು ಕುಂತೆ. ಹೌದ್ರಿ ಅಂತ ಒಂದು ಮಾತು ಅಂದ್ರ ನನ್ನ ನೌಕರಿ ಉಳಿತಿತ್ತು, ಅಕಿ ಆಡು ಹೋಗತಿದ್ವು.

"ನನಗಿಲ್ರಿ" ಅಂದ್ಲು ಹುಡುಗಿ. "ಆಸಕ್ತಿ ಇದ್ದವರು ಕೆಳಗ ಕುಂತಾರ್ರಿ."

ಸಾಹೇಬ್ರು ಬಗ್ಗಿ ಕೌದಿ ಎತ್ತಿದ್ರು. ನಾ ನಾಕೂ ಕಾಲ ಮ್ಯಾಲ ಇದ್ದೆ. ಎದ್ದು ನಿಂತು ನಮಸ್ಕಾರ ಮಾಡೂಣು ಅಂದ್ರ ತಲಿ ಮಿಶನ್ನಿಗೆ ಬಡೀತು. ಹಂಗಽ ಕುಂತಲ್ಲಿಂದಽ ಮಾಡಿದೆ. ಓಣಿ ಮಂದಿ ನಗಲಿಲ್ಲ. ನಕ್ಕಿದ್ರ ಪಾಡಿತ್ತು. ಒಬ್ಬ ಮುದುಕಿ "ಪಾಪ, ಹೊಟ್ಟೀಪಾಡು" ಅಂದ್ಲು. ಭೂಮಿ ಬಾಯಿ ಬಿಡಬಾರದೇನು ಅನಿಸಿತು.

ಸಾಹೇಬ್ರು ನನ್ನ ಬೈಲಿಲ್ಲ. ಹುಡುಗಿ ಎದುರಿಗೆ ನೆಲದ ಮ್ಯಾಲಽ ಕುಂತು, "ಹಂಗಾರ ನಿನಗ ಏನು ಬೇಕು, ಹೇಳವಾ" ಅಂದ್ರು. ಅಕಿ ಹೇಳಿದ್ಲು. ಆಡಿನ ಮಾತು, ಸಂತಿ ಮಾತು, ಕೈಲೆ ತಿರುವೋ ಗಾಡಿ ಮಾತು. ನಾಳೆ ಆಡು ಹೋಗೂ ಮಾತು ಹೇಳೂ ಮುಂದ ಅಳು ಬಂತು, ಆದರೂ ಪೂರಾ ಹೇಳಿದ್ಲು. ಅಣ್ಣ ತಲಿ ಕೆಳಗ ಹಾಕಿ, "ಸರಕಾರದ ಕಾಗದ ನಂಬಿದೆ ನೋಡ್ರಿ ನಾ" ಅಂದ. ಅಂವ ಅಂದಿದ್ದು ಖರೇನಽ ಇತ್ತು. ಖಟಗ್ಯಾಗ ಬ್ಯಾಡ ಅಂತ ಹೇಳಾಕ ಅವಾಗಲೇ ಎದ್ದು ಹೋದ.

"ಬರೀರಿ" ಅಂದ್ರು ಸಾಹೇಬ್ರು ನನಗ. ಹೊಸಾ ಫಾರಂ ತಗದೆ. ಒಂಬತ್ತನೇ ಕಾಲಂನಾಗ ಅಕಿ ಹೇಳಿದ್ದನ್ನ ಹೇಳಿದಂಗಽ ಬರದೆ. ಕೈಯಾಗಿನ ಎಣ್ಣಿ ಹತ್ತಿ ಕಾಗದೆಲ್ಲಾ ಕರೇ ಆತು, ನನ್ನ ಮುತ್ತಿನಂಥಾ ಅಕ್ಷರ ಒಂದೂ ನೆಟ್ಟಗ ಬರಲಿಲ್ಲ. ಬರದು ಮುಗಿಸಿ, ರೂಢಿ ಪ್ರಕಾರ, ಚೀಲದಿಂದ ಮಸಿ ಪ್ಯಾಡು ತಗದು ಅಕಿ ಹೆಬ್ಬಟ್ಟಿಗೆ ಕೈ ಹಾಕಿದೆ.

ಹುಡುಗಿ ಕೈ ಹಿಂದಕ ಎಳಕೊಂಡ್ಲು. "ಸಾಲ್ಯಾಗ ಏಳನೇತ್ತಾ ಪಾಸ್ ಆಗೇನ್ರಿ ಸಾಹೇಬ್ರ. ಹೋದ ಸಲಾನೂ ಕೇಳದಽ ಹಿಡದು ಒತ್ತಿಸಿದ್ರಿ." ಆಮ್ಯಾಲ ಮಸಿ ಹತ್ತಿದ ನನ್ನ ಎರಡೂ ಕೈ ನೋಡಿ ಅಂದ್ಲು: "ಹೆಬ್ಬಟ್ಟು ಒತ್ತೂದಿದ್ರ ನೀವಽ ಒತ್ರಿ, ನಿಮಗ ಪ್ಯಾಡೂ ಬೇಕಾಗಿಲ್ಲ. ನನಗ ಪೆನ್ ಕೊಡ್ರಿ."